ಚೀನೀ ಓಣಿಯಲ್ಲಿ ಸಾಬಮ್ಮತ್ತಿ

ಶಹಾಪುರದಿಂದ ಹೊರಟದ್ದು

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎನ್ನುತ್ತಾರೆ. ನಾನು ಸುರಪುರದ ತಾಲ್ಲೂಕು ಕಚೇರಿಯ ಗುಮಾಸ್ತ. ಜನ್ಮವಿಡೀ ಪಹಣಿ ಓದಿದ್ದರಲ್ಲೇ ನನಗೆ ಸಾಕುಬೇಕಾಗಿತ್ತು, ದೇಶ ಸುತ್ತುವ ಹುಕಿ ಎಂದೂ ಬಂದಿರಲಿಲ್ಲ. ಹುಕಿ ಬಂದದ್ದು ನನ್ನ ಸೋದರತ್ತೆ ಸಾಬಮ್ಮನಿಗೆ.

ನಮ್ಮೂರು ಶಹಾಪುರದ ಆಚೆ, ಕಾಲುವೆಯ ಮಗ್ಗುಲಲ್ಲಿದೆ. ಕಾಲುವೆ ತೋಡುವಾಗ ಮಣ್ಣಿನ ಬುಟ್ಟಿ ಹೊತ್ತವರಲ್ಲಿ ಅತ್ತಿಯೂ ಒಬ್ಬಳು. ನೀರು ಬಂದ ಮೇಲೆ ಅವಳ ತುಂಡು ಹೊಲದಲ್ಲಿ ಜೋಳ ಹೋಗಿ ಭತ್ತ ಬಂತು. ನಮ್ಮ ಓಣಿಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡು ಬಹಳ ವರ್ಷಗಳಾದವು. ಈಚೆಗೆ ಎಲ್ಲರೂ ಕೈ ಹಾಕಿ, ನೆಲಕ್ಕೆ ಫರ್ಸಿ ಕಲ್ಲು ಹಾಸಿ, ಪುಟ್ಟದೊಂದು ವಿಹಾರ ಕಟ್ಟಿದೆವು. ಒಳಗೆ ಇಡಲು ಬುದ್ಧನ ಮೂರ್ತಿಯೊಂದು ಬೇಕಿತ್ತು. ವಿಹಾರದ ಉಸ್ತುವಾರಿ ನೋಡುವ ರಾಹುಲ ಮಾಸ್ತರರು ಕಲಬುರಗಿಯಿಂದ ತರಿಸೋಣ ಎಂದಾಗ ಅತ್ತಿ ಸಭೆಯ ನಡುವೆ ಎದ್ದು ನಿಂತಳು.

"ಮೂರ್ತಿ ನಾ ತರ್ತೀನ್ರಿ ಮಾಸ್ತರ. ತಲಿ ಬೆಳ್ಳಗಾತು, ಇಲ್ಲಿತನಕ ಒಂದು ಮೂರ್ತಿನೂ ಕೈಲೆ ಮುಟ್ಟಿಲ್ಲ. ಗುಡಿಗೆ ಹೂವ ಒಯ್ದ್ರ ಹೊರಗ ಇಡು ಅಂತಿದ್ರು. ತೀರ್ಥ ಮ್ಯಾಲಿಂದ ಸುರೀತಿದ್ರು. ಇದನ್ನರ ನಾನ ಆರಿಸ್ತೀನಿ, ನಾನ ಮುಟ್ಟಿ ನೋಡ್ತೀನಿ, ನಾನ ಎತ್ಕೊಂಡು ಬರ್ತೀನಿ."

ಯಾರೂ ಎದುರಾಡಲಿಲ್ಲ. ಅವಳ ಮಗಳು ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ನರ್ಸು. ಕಲಬುರಗಿ ಕಡೆಯ ಉಪಾಸಕರ ತಂಡವೊಂದು ಬ್ಯಾಂಕಾಕಿಗೆ ಹೊರಟಿದೆ ಎಂದು ತಿಳಿದದ್ದೇ ತಾಯಿಯ ಹೆಸರು ಬರೆಸಿಬಿಟ್ಟಳು. ಜೊತೆಗೆ ಹೋಗಲು ಒಬ್ಬರು ಬೇಕಿತ್ತು. ನೆಂಟರಲ್ಲಿ ರಜೆ ಉಳಿಸಿಕೊಂಡಿದ್ದ ದಡ್ಡ ನಾನೊಬ್ಬನೇ.

ಯಾದಗಿರಿಯಲ್ಲಿ ಕೊಂಡ ಹೊಸ ಬೂಟು ಹೈದರಾಬಾದು ಮುಟ್ಟುವುದರೊಳಗೇ ಹಿಮ್ಮಡಿ ಕಚ್ಚತೊಡಗಿತು. ವಿಮಾನದಲ್ಲಿ ಅತ್ತಿ ಕಿಟಕಿಯ ಪಕ್ಕ ಕುಳಿತು ಮೋಡ ನೋಡಿದಳು, ನಾನು ನನ್ನ ಹಿಮ್ಮಡಿ ನೋಡಿಕೊಂಡೆ. ಪರದೇಶವೆಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಹಿಮ್ಮಡಿಯಲ್ಲೆದ್ದ ಆ ಬೊಬ್ಬೆಯೇ.

ಮಲಗಿದ ಬುದ್ಧನ ಎದುರು

ನಮ್ಮನ್ನು ತಿರುಗಿಸಲು ಬಂದವಳು ಪಿಮ್ ಎಂಬ ಹುಡುಗಿ. ಕೈಯಲ್ಲಿ ಹಳದಿ ಬಾವುಟ, ಬಾಯಲ್ಲಿ ನಿಲ್ಲದ ಇಂಗ್ಲಿಷು. ಅತ್ತಿ ಅವಳನ್ನು ಮೊದಲ ದಿನವೇ ಪಿಮ್ಮವ್ವ ಮಾಡಿಕೊಂಡಳು. ಪಿಮ್ಮವ್ವ ಬಸ್ಸಿನಲ್ಲಿ ಮೈಕು ಹಿಡಿದು ಏನೇನೋ ಸೂಚನೆ ಕೊಡುತ್ತಿದ್ದಳು. ನನಗೆ ಬಸ್ಸು ಹೊರಟರೆ ಕಣ್ಣು ಮುಚ್ಚುತ್ತದೆ. ಸುರಪುರ–ಶಹಾಪುರದ ನಡುವೆ ಇಷ್ಟು ವರ್ಷ ಓಡಾಡಿದ ಅಭ್ಯಾಸ. ಆ ಸೂಚನೆಗಳಲ್ಲಿ ಒಂದನ್ನಾದರೂ ಕೇಳಿಸಿಕೊಳ್ಳಬೇಕಿತ್ತು ಎಂದು ಆಮೇಲೆ ಗೊತ್ತಾಯಿತು.

ವಿಹಾರಗಳಿಗೆ ಅತ್ತಿ ತವರುಮನೆ ಹೊಕ್ಕಂತೆ ಹೊಕ್ಕಳು. ಬಿಳಿ ಸೀರೆಯ ಸೆರಗು ಹೊದ್ದು, ಮಂಡಿ ಊರಿ, ಗಟ್ಟಿ ದನಿಯಲ್ಲಿ ಬುದ್ಧಂ ಶರಣಂ ಹೇಳಿದಳು. ಉದ್ದಕ್ಕೆ ಮಲಗಿದ ಚಿನ್ನದ ಬುದ್ಧನನ್ನು ಮಾತ್ರ ತಲೆಯಿಂದ ಪಾದದವರೆಗೆ ನಡೆದು ನೋಡಿದಳು. ಶಹಾಪುರದವರಿಗೆ ಮಲಗಿದ ಬುದ್ಧ ಹೊಸಬನಲ್ಲ. ನಮ್ಮ ಗುಡ್ಡದ ಸಾಲು ದೂರದಿಂದ ನೋಡಿದರೆ ಹಾಗೇ ಕಾಣುತ್ತದೆ, ಬಸ್ಸಿನಲ್ಲಿ ಹೋಗುವ ಮಕ್ಕಳೂ ಬೆರಳು ಮಾಡಿ ತೋರಿಸುತ್ತಾರೆ.

"ನಮ್ಮವ ಬಯಲಾಗ ಮಲಗ್ಯಾನ," ಎಂದಳು ಕೊನೆಗೆ. "ಬಿಸಿಲು ಮಳಿ ಎಲ್ಲಾ ಮೈಮ್ಯಾಲ. ಇವ ಮಾಳಗಿ ಕೆಳಗ ಬಂಗಾರ ಹಚ್ಕೊಂಡು ಮಲಗ್ಯಾನ. ಹುಟ್ಟಿದ್ದು ನಮ್ಮ ಕಡಿಗಿ, ಸುಖ ಇವರ ಕಡಿಗಿ."

ಮುಟ್ಟಲು ಕೈ ಚಾಚಿದಳು. ಕಾವಲುಗಾರ ಅಡ್ಡ ಬಂದ. ಅತ್ತಿಯ ಮುಖ ಗಂಟಾಯಿತು.

"ಇಲ್ಲೂ ಮುಟ್ಟಗೊಡಂಗಿಲ್ಲೇನು?"

"ಇಲ್ಲಿ ಯಾರಿಗೂ ಮುಟ್ಟಗೊಡಂಗಿಲ್ಲತ್ತಿ."

"ಯಾರಿಗೂ ಅಂದ್ರ, ಯಾರಿಗೂ?"

ನನ್ನ ಮಾತು ನಂಬದೆ ಅಲ್ಲೇ ಕಾದಳು. ದಪ್ಪನೆಯ ಬಿಳಿಯನೊಬ್ಬ ಕೈ ಚಾಚಿ, ಅವನಿಗೂ ಅದೇ ಕಾವಲುಗಾರ ಅಡ್ಡ ಬಂದ ಮೇಲೆಯೇ ಅವಳಿಗೆ ಸಮಾಧಾನ. ನಾನು ಆಗಲೇ ಒಂದು ಕಂಬಕ್ಕೆ ಒರಗಿ ಜೋಲಿ ಹೊಡೆಯುತ್ತಿದ್ದೆ.

ಸಂಪೆಂಗ್ ಗಲ್ಲಿ

ಮೂರ್ತಿ ಕೊಳ್ಳುವುದಾದರೆ ಚೀನೀ ಓಣಿಯಲ್ಲಿ ನೋಡಿ ಎಂದು ತಂಡದ ಯಾರೋ ಹೇಳಿದ್ದರು. ಹಾಗಾಗಿ ಊರಿಗೆ ಮರಳುವ ಹಿಂದಿನ ದಿನ ಬಸ್ಸು ನಮ್ಮನ್ನು ಅಲ್ಲಿ ಇಳಿಸಿದಾಗ ಅತ್ತಿ ಎಲ್ಲರಿಗಿಂತ ಮುಂದಿದ್ದಳು, ನಾನು ಎಲ್ಲರಿಗಿಂತ ಹಿಂದೆ.

ಇಳಿದ ಕೂಡಲೇ ಪಿಮ್ಮವ್ವ ಓಣಿಯ ಕತೆ ಹೇಳಿದಳು. ಈ ಚೀನೀ ವ್ಯಾಪಾರಸ್ಥರು ಮೊದಲು ಇದ್ದದ್ದು ನದಿಯ ದಂಡೆಯಲ್ಲಿ, ಒಳ್ಳೆಯ ಜಾಗದಲ್ಲಿ. ರಾಜನಿಗೆ ಅಲ್ಲಿ ಅರಮನೆ ಕಟ್ಟುವ ಮನಸ್ಸಾಯಿತು. ಇವರನ್ನು ಕೋಟೆಯ ಹೊರಗೆ, ಈ ಜವುಳು ನೆಲಕ್ಕೆ ಕಳಿಸಿದ. ನಾನು ಅದನ್ನು ಕನ್ನಡ ಮಾಡಿ ಹೇಳಿದೆ.

"ಅಂದ್ರ ಇದು ಊರ ಹೊರಗಿನ ಓಣಿ ಅನ್ನು," ಎಂದಳು ಅತ್ತಿ.

"ಆವಾಗ ಹೊರಗಿತ್ತು. ಈಗ ನೋಡು, ಊರೇ ಇಲ್ಲಿಗಿ ಬಂದೈತಿ."

"ಹೌದೌದು," ಎಂದು ಕೆಂಪು ಬಣ್ಣದ ಚಿನ್ನದ ಅಂಗಡಿಗಳ ಸಾಲನ್ನು ಮೇಲೆ ಕೆಳಗೆ ನೋಡಿದಳು. "ಚಲೋ ಆಗ್ಯದ ಅವರಿಗಿ." ಆ ಮಾತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಬೀಗರ ಮನೆಯ ಏಳಿಗೆ ಕಂಡು ಹೇಳಿದಂತೆ ಹೇಳಿದಳು.

ಓಣಿಯೊಳಗಿನ ಸಂಪೆಂಗ್ ಗಲ್ಲಿಯ ಅಗಲ ನಮ್ಮೂರ ಎತ್ತಿನ ಬಂಡಿಗೂ ಸಾಲದು. ಅದರಲ್ಲೇ ತಳ್ಳುಗಾಡಿ, ಹಮಾಲರು, ಮೋಟಾರು ಸೈಕಲ್ಲು. ಸರಕು ಹೊತ್ತ ಗಾಡಿಯೊಂದು ನನ್ನ ಅದೇ ಹಿಮ್ಮಡಿಗೆ ತಾಗಿತು. ಗುಂಡಿ, ರಿಬ್ಬನ್ನು, ಟೊಪ್ಪಿಗೆ, ಆಟಿಕೆ ಎಲ್ಲವೂ ಮೂಟೆಗಟ್ಟಲೆ. ನಡುವೆ ಒಣ ಸೀಗಡಿಯ ವಾಸನೆ ಮೂಗಿಗೆ ರಪ್ಪನೆ ಬಡಿಯುತ್ತಿತ್ತು. ಒಂದು ಮೂಲೆಯಲ್ಲಿ ಕಪ್ಪು ಮರಳಿನಲ್ಲಿ ಯಾವುದೋ ಕಾಯಿ ಹುರಿಯುತ್ತಿದ್ದರು. ನಾವು ಶೇಂಗಾ ಹುರಿದಂತೆಯೇ, ಕಾಯಿ ಮಾತ್ರ ಬೇರೆ. ಅದನ್ನು ಮಾರುವ ಹೆಂಗಸು ಬೆವರು ಒರೆಸಿಕೊಳ್ಳುತ್ತ ಅತ್ತಿಯ ಕೈಗೆ ಎರಡು ಕಾಯಿ ಇಟ್ಟಳು. ತಿಂದು ಸುಮ್ಮನೆ ಹೋಗುವ ಪೈಕಿಯಲ್ಲ ನಮ್ಮ ಅತ್ತಿ. ಚೀಲದಿಂದ ಹಲಗೆಯಂತೆ ಒಣಗಿದ ಒಂದು ಕಟಕ ರೊಟ್ಟಿ ತೆಗೆದು ಕೊಟ್ಟಳು. ಆ ಹೆಂಗಸು ರೊಟ್ಟಿಯನ್ನು ತಿರುಗಿಸಿ ನೋಡಿದಳು, ಬೆರಳಿನಿಂದ ಬಡಿದು ನೋಡಿದಳು, ಆಮೇಲೆ ಬಹಳ ಸಂತೋಷದಿಂದ ಗಾಳಿ ಬೀಸಿಕೊಳ್ಳತೊಡಗಿದಳು.

"ಅಯ್ಯ ನಮ್ಮವ್ವ! ತಿನ್ನದೈತಿ ಅದು!" ಎಂದು ಅತ್ತಿ ಬಾಯಿಗೆ ಕೈ ತೋರಿಸಿದಳು. ಹೆಂಗಸು ತಲೆಯಾಡಿಸಿ ಇನ್ನೂ ಜೋರಾಗಿ ಬೀಸಿಕೊಂಡಳು. ಪ್ರವಾಸದಲ್ಲಿ ನಾನು ಮನಸಾರೆ ನಕ್ಕದ್ದು ಅದೊಂದೇ ಸಲ.

ಓಣಿಯ ಅಂಚಿನಲ್ಲಿ ಒಂದು ಹಳೆಯ ಕಾಲುವೆ. ಅತ್ತಿ ಕಟಾಂಜನ ಹಿಡಿದು ಬಗ್ಗಿ, ನೀರು ಯಾವ ಕಡೆ ಹರಿಯುತ್ತದೆಂದು ನೋಡಿದಳು. "ಗೇಟು ಎಲ್ಲಿ ಇಟ್ಟಾರ? ಪಾಳಿ ಎಷ್ಟು ದಿನಕ್ಕ ಬರ್ತದಂತ ಕೇಳು." ಇಲ್ಲಿ ಹೊಲವಿಲ್ಲ, ಪಾಳಿಯಿಲ್ಲ, ಕಾಲುವೆ ಸುಮ್ಮನೆ ಇದೆ ಎಂದೆ. ನೀರಿನ ಕೊನೆಯ ತುದಿಯಲ್ಲಿ ಹೊಲ ಇರುವವಳಿಗೆ ಈ ಮಾತು ಸರಿಬೀಳಲಿಲ್ಲ. "ದಂಡ," ಎಂದಳು.

ಮೂರ್ತಿಯ ಅಂಗಡಿ

ಮೂರ್ತಿಯ ಅಂಗಡಿ ಒಂದು ಸಂದಿಯಲ್ಲಿ ಸಿಕ್ಕಿತು. ಹೊಟ್ಟೆ ಬಿಟ್ಟುಕೊಂಡು ನಗುವ ಬುದ್ಧರನ್ನು ಅತ್ತಿ ನೋಡಿದ ಕೂಡಲೇ ಬೇಡವೆಂದಳು: "ಇವ ಸೌಕಾರ ಇದ್ದಂಗ ಅದಾನ." ಅಂಗಡಿಯವ ಹಿಂದಿನ ಸಾಲಿನಿಂದ ಒಂದು ಹಿತ್ತಾಳೆಯ ಬುದ್ಧನನ್ನು ತೆಗೆದಿಟ್ಟ. ಮಡಿಲಲ್ಲಿ ಕೈ, ಅರ್ಧ ಮುಚ್ಚಿದ ಕಣ್ಣು, ದಣಿದು ಕುಳಿತವನಂಥ ಮುಖ. ಅತ್ತಿ ಹತ್ತಿರ ಬಂದಳು. ಅಂಗಡಿಯವನ ಮುಖ ನೋಡಿದಳು, ಅವನು ಎತ್ತಿಕೋ ಎಂದು ಸನ್ನೆ ಮಾಡಿದ. ಕೂಸನ್ನು ಎತ್ತಿದಂತೆ ಎತ್ತಿ ಎದೆಗೆ ಇಟ್ಟುಕೊಂಡಳು. ಸೆರಗಿನಿಂದ ಧೂಳು ಒರೆಸಿದಳು.

"ಇದ, ಭೀಮ್ಯಾ. ಇದ ನಮ್ಮದು," ಎಂದು ನನ್ನ ಕಡೆ ತಿರುಗಿದಳು.

ಅಷ್ಟರಲ್ಲಿ ನಮ್ಮನ್ನು ಹುಡುಕಿಕೊಂಡು ಬಂದ ಪಿಮ್ಮವ್ವ ಮೂರ್ತಿ ನೋಡಿ ಹಣೆ ಚಚ್ಚಿಕೊಂಡಳು. ಬುದ್ಧನ ಮೂರ್ತಿಯನ್ನು ದೇಶದ ಹೊರಗೆ ಒಯ್ಯಲು ಸರ್ಕಾರದ ಪರವಾನಗಿ ಬೇಕು, ಅದಕ್ಕೆ ದಿನಗಳು ಹಿಡಿಯುತ್ತವೆ, ನಾವು ಬೆಳಿಗ್ಗೆ ಹೊರಡುವವರು. ಮೊದಲ ದಿನವೇ ಬಸ್ಸಿನಲ್ಲಿ ಹೇಳಿದ್ದೆನಲ್ಲ ಎಂದು ನನ್ನನ್ನೇ ನೋಡಿದಳು. ಹೇಳಿರಬೇಕು. ನಾನು ಗೊರಕೆ ಹೊಡೆಯುತ್ತಿದ್ದೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅತ್ತಿಗೆ ಹೇಗೆ ಹೇಳಲಿ? ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮೂರ್ತಿಯನ್ನು ಎಲ್ಲಿಂದ ಎತ್ತಿದ್ದಳೋ ಅಲ್ಲಿಯೇ ಇಟ್ಟಳು.

"ಚೀಲದಾಗ ಬಟ್ಟಿ ಸುತ್ತಿ ಒಯ್ಯೂಣೇನು?"

"ಹಿಡದ್ರ ಕಳವು ಅಂತಾರತ್ತಿ."

"ಬ್ಯಾಡ ಬಿಡು," ಎಂದಳು. "ಕದ್ದು ತಂದ ಬುದ್ಧನ ಮುಂದ ಕುಂತು ಪಂಚಶೀಲದಾಗ ಕಳವು ಮಾಡಂಗಿಲ್ಲ ಅಂತ ಹ್ಯಾಂಗ ಅನ್ನೋದು?"

ಪಿಮ್ಮವ್ವ ಕೈಗಡಿಯಾರ ತೋರಿಸಿ, ಓಣಿಯ ದೊಡ್ಡ ಕಮಾನಿನ ಹತ್ತಿರ ಬನ್ನಿ ಎಂದು ಹೇಳಿ ಉಳಿದವರನ್ನು ಕೂಡಿಸಲು ಹೋದಳು. ನಾವಿಬ್ಬರು ಸಂದಿಯಲ್ಲಿ ಮುಂದಕ್ಕೆ ನಡೆದೆವು. ಇಡೀ ಪ್ರವಾಸದ ದಣಿವು ಒಮ್ಮೆಗೇ ನನ್ನ ಮೇಲೆ ಕುಳಿತಿತು. ಕಮಾನು ಯಾವ ಕಡೆ ಎಂದು ಯೋಚಿಸುವ ತ್ರಾಣವೂ ಇರಲಿಲ್ಲ.

ಸಂದಿಯ ಕೊನೆಯ ಗುಡಿ

ಸಂದಿ ಒಂದು ಸಣ್ಣ ಚೀನೀ ಗುಡಿಯ ಮುಂದೆ ಮುಗಿಯಿತು. ಕಂಬ ಸುತ್ತಿದ ಹಾವಿನಂಥ ಪ್ರಾಣಿಗಳು, ಕೆಂಪು ದೀಪದ ಬುಟ್ಟಿಗಳು, ಬಾಗಿಲ ತುಂಬ ಊದಿನಕಡ್ಡಿಯ ಹೊಗೆ. ಒಳಗಿನ ಕತ್ತಲಲ್ಲಿ ಕೆಂಪು ಮುಖದ, ಉದ್ದ ಗಡ್ಡದ ದೇವರೊಬ್ಬ ಕಾಣುತ್ತಿದ್ದ. ಬಾಗಿಲಿಗೆ ಮೊಣಕಾಲೆತ್ತರದ ಕೆಂಪು ಹೊಸ್ತಿಲು.

ಹೊರಗಿನ ಕಲ್ಲಿನ ಕಟ್ಟೆಯ ಮೇಲೆ ಕುಸಿದು ಕುಳಿತು ಒಂದು ಬೂಟು ಕಳಚಿದೆ. "ನೀ ನೋಡಿ ಬಾ ಅತ್ತಿ. ನನ್ನ ಕಾಲು ಸತ್ತಾವ," ಎಂದೆ.

ತಲೆಯೆತ್ತಿ ನೋಡಿದರೆ ಅತ್ತಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಿದ್ದಳು. ಬಾಗಿಲಿಗೆ ಎದುರಾಗಿ ಅಲ್ಲ, ಒಂದು ಮಗ್ಗುಲಿಗೆ ಸರಿದು, ಒಳಗೆ ಹೋಗಿ ಬರುವವರಿಗೆ ಸೆರಗು ತಾಗದ ಹಾಗೆ ಮೈ ಹಿಡಿಮಾಡಿಕೊಂಡು ನಿಂತಿದ್ದಳು. ಆ ನಿಲುವು ನನಗೆ ಗೊತ್ತು. ನನ್ನ ಅವ್ವ ಹಾಗೆ ನಿಲ್ಲುತ್ತಿದ್ದಳು. ನನಗೆ ಬಹಳ ಸಂಕಟವಾಯಿತು. ಬಂಗಾರದ ಬುದ್ಧನೆದುರು ಕಾವಲುಗಾರನ ಮುಂದೆ ಜಗ್ಗದೆ ನಿಂತ ಹೆಂಗಸು ಇವಳೇ. ಆದರೆ ಅದು ವಿಹಾರ, ನಮ್ಮದು. ಇದು ಗುಡಿ. ಗುಡಿ ಎಂದು ಕಣ್ಣು ಹೇಳಿದ ಕೂಡಲೇ ಕಾಲು ತಾನಾಗಿ ನಿಂತಿತ್ತು.

ನನ್ನ ಕಾಲಾದರೂ ಏನು? ಸುರಪುರದಲ್ಲಿ ಕಚೇರಿಯ ಮಂದಿ ಗುಡಿಗೆ ಹೊರಟಾಗಲೆಲ್ಲ ನನಗೆ ಕಾಲುನೋವು. "ನೀವು ಹೋಗಿ ಬರ್ರಿ, ನಾ ಚಪ್ಪಲಿ ಕಾಯ್ತೀನಿ" ಎನ್ನುತ್ತೇನೆ. ಹೊರಗೆ ನಿಲ್ಲು ಎಂದು ಯಾರೂ ಹೇಳಿಲ್ಲ. ಒಳಗೆ ಬಾ ಎಂದೂ ಯಾರೂ ಹೇಳಿಲ್ಲ. ಅವತ್ತು ಬೊಬ್ಬೆ ನಿಜವಾಗಿಯೂ ಇತ್ತು, ಆದರೆ ನಾನು ಕಟ್ಟೆಯ ಮೇಲೆ ಕುಳಿತದ್ದು ಬೊಬ್ಬೆಗಾಗಿ ಅಲ್ಲ.

ಗುಡಿ ನೋಡಿಕೊಳ್ಳುವ ಮುದುಕ, ಬನಿಯನ್-ಚಡ್ಡಿಯಲ್ಲಿದ್ದವನು, ಬಿಸಿಲಲ್ಲಿ ನಿಂತ ಅತ್ತಿಯನ್ನು ಕಂಡು ಒಳಗಿನಿಂದ ಚಹಾ ತಂದ. ನನಗೊಂದು ಪುಟ್ಟ ಬಟ್ಟಲು ಕೊಟ್ಟು ಅವಳ ಕಡೆ ತಿರುಗಿದ. ಅತ್ತಿ ಚಪ್ಪಲಿ ಕೆಳಗಿಟ್ಟು, ತುಸು ಬಾಗಿ, ಎರಡೂ ಕೈ ಕೂಡಿಸಿ ಬೊಗಸೆ ಒಡ್ಡಿದಳು. ಮೇಲಿನಿಂದ ಸುರಿಯಲಿ ಎಂದು.

ಮುದುಕನಿಗೆ ತಿಳಿಯಲಿಲ್ಲ. ಹೊಗೆಯಾಡುವ ಬಟ್ಟಲನ್ನೊಮ್ಮೆ ನೋಡಿದ, ಬೊಗಸೆಯನ್ನೊಮ್ಮೆ ನೋಡಿದ. ನಂತರ ಬಟ್ಟಲನ್ನು ಬೊಗಸೆಯ ನಡುವೆ ಇಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಿಸಿದ. ಅತ್ತಿ ಚಹಾ ಕುಡಿದಳು. ಕುಡಿಯುವಾಗ ನನ್ನ ಕಡೆ ನೋಡಲಿಲ್ಲ. ನಾನೂ ಅವಳ ಕಡೆ ನೋಡದಿರಲು ಬೂಟಿನ ಲಾಡಿಯ ಗಂಟು ಬಿಚ್ಚುತ್ತ ಕುಳಿತೆ.

ಮುದುಕ ಹೊಸ್ತಿಲು ದಾಟಿ ಒಳಗೆ ಹೋಗಿ, ಅಲ್ಲಿಂದ ಕೈ ಬೀಸಿ ಕರೆದ.

"ಭೀಮ್ಯಾ, ಕರಿಯಾಕತ್ತಾನಲ್ಲೋ."

"ಹೋಗತ್ತಿ."

"ದೀಕ್ಷಾ ತಗೊಂಡೀನಿ. ದೇವರಿಗಿ ಕೈ ಮುಗಿಯಂಗಿಲ್ಲ ನಾ."

"ಮುಗೀಬ್ಯಾಡ."

ಕೆಳಗಿದ್ದ ಚಪ್ಪಲಿಯನ್ನು ಬದಿಗೆ ಸರಿಸಿದಳು. "ಕೈ ಮುಗಿಯಾಕಲ್ಲ. ಒಳಗ ಹ್ಯಾಂಗಿರ್ತದಂತ ನೋಡಿ ಬರ್ತೀನಿ, ಅಷ್ಟ," ಎಂದು ನನಗೋ ತನಗೋ ಹೇಳಿಕೊಂಡು ಬಾಗಿಲಿಗೆ ಬಂದಳು. ಎತ್ತರದ ಹೊಸ್ತಿಲಿನ ಮೇಲೆ ಕಾಲಿಟ್ಟಳು.

ಮುದುಕ ಕೂಗಿಕೊಂಡ. ಎರಡೂ ಕೈ ಜೋರಾಗಿ ಆಡಿಸುತ್ತ ಬೇಡ ಬೇಡ ಎನ್ನುವಂತೆ ಮುಂದೆ ಬಂದ.

ಅತ್ತಿ ಕಾಲು ತೆಗೆದಳು. ಅವಳ ಮುಖ ನಾನು ಮರೆಯಲಾರೆ. ಅವಳಿಗೆ ಸಿಟ್ಟೂ ಬಂದಿರಲಿಲ್ಲ, ಅಳುವೂ ಬಂದಿರಲಿಲ್ಲ. ಗೊತ್ತಿದ್ದದ್ದೇ ಆಯಿತು ಎಂಬ ಮುಖ. "ಏಳು, ಹೋಗೂಣು," ಎಂದಳು. "ಇಲ್ಲೂ ಅದ ಐತಿ."

ಅಷ್ಟು ವರ್ಷದ ಕಾಲುನೋವು ನನಗೆ ಎಲ್ಲಿ ಹೋಯಿತೋ. ಒಂದು ಕಾಲಲ್ಲಿ ಬೂಟು, ಒಂದು ಬರಿಗಾಲು, ಎದ್ದು ನುಗ್ಗಿದೆ. ಚೀನೀ ಭಾಷೆ ಬಾರದು, ಕನ್ನಡ ಅವನಿಗೆ ತಿಳಿಯದು. ಸಿಟ್ಟಿಗೆ ನಮ್ಮ ಕಡೆ ಇರುವ ದಖನಿ ಉರ್ದುವೊಂದೇ ಬಾಯಿಗೆ ಬಂತು: "ಏ ಬುಡ್ಢೆ! ಕಾಯ್ಕು ಚಿಲ್ಲಾತಾ? ಪಹಲೆ ಬುಲಾಯಾ, ಅಬ್ ನಕ್ಕೋ ಬೋಲ್ತಾ?" ಮೊದಲು ಕರೆದು ಈಗ ಬೇಡ ಅನ್ನುತ್ತೀಯಾ ಎಂದು.

ಮುದುಕ ಬೆರಗಾಗಿ ನಿಂತ. ಹೊಸ್ತಿಲಿಗೆ ಬೆರಳು ಮಾಡಿದ, ತಲೆ ಅಡ್ಡಡ್ಡ ಆಡಿಸಿದ. ಆಮೇಲೆ ಚಡ್ಡಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು, ಕೊಕ್ಕರೆಯ ಹಾಗೆ ಕಾಲೆತ್ತಿ, ಹೊಸ್ತಿಲನ್ನು ಮುಟ್ಟದೆ ಹೊರಗೆ ದಾಟಿದ. ಮತ್ತೆ ಒಳಗೆ ದಾಟಿದ. ಮತ್ತೆ ಹೊರಗೆ.

ಅತ್ತಿ ನೋಡುತ್ತಲೇ ಇದ್ದಳು. "ಅಯ್ಯ ಶಿವನ!" ಎಂದು, ದೀಕ್ಷೆ ನೆನಪಾಗಿ ನಾಲಿಗೆ ಕಚ್ಚಿಕೊಂಡಳು. "ಹೊಸ್ತಿಲ ತುಳೀಬ್ಯಾಡ ಅನ್ನಾಕತ್ತಾನೋ! ನಾ ದಿನಾ ಬೆಳಗಾದ್ರ ಮೊಮ್ಮಕ್ಕಳಿಗಿ ಬೈಯೋದು ಇದಕ್ಕ ಅಲ್ಲೇನು? ಯಾರ ಮನಿಯಾಗೂ ನಾ ಹೊಸ್ತಿಲ ತುಳಿದಾಕಿ ಅಲ್ಲ. ಇಲ್ಲಿ ಎದಿ ಹೊಡ್ಕೊಂಡು ಮರ್ತಬಿಟ್ಟೆ."

ನಿರಿಗೆ ಎತ್ತಿ ಹಿಡಿದಳು. ಮುದುಕ ಕೈ ಕೊಟ್ಟ. ಅವನ ಕೈ ಹಿಡಿದು, ಕಾಲು ಎತ್ತರಕ್ಕೆ ಎತ್ತಿ, ನನ್ನ ಅತ್ತಿ ಒಳಗೆ ಹೋದಳು. ಇನ್ನೊಂದು ಬೂಟನ್ನೂ ಕಿತ್ತೆಸೆದು ನಾನೂ ಹೋದೆ. ಐವತ್ತು ದಾಟಿದ ಮೇಲೆ, ಇನ್ನೊಂದು ದೇಶದಲ್ಲಿ, ಯಾವ ದೇವರೆಂದು ಗೊತ್ತಿಲ್ಲದ ಗುಡಿಗೆ.

ಒಳಗೆ ಕಣ್ಣು ಉರಿಯುವಷ್ಟು ಹೊಗೆ. ಮಾಳಿಗೆಯಿಂದ ಸುರುಳಿ ಸುರುಳಿಯಾದ ಊದಿನಕಡ್ಡಿಗಳು ಜೋತುಬಿದ್ದಿದ್ದವು. ಮುದುಕ ಅತ್ತಿಯ ಕೈಗೆ ಎಣ್ಣೆಯ ಶೀಸೆ ಕೊಟ್ಟು ದೀಪಕ್ಕೆ ಹಾಕು ಎಂದು ತೋರಿಸಿದ. ಅಲ್ಲಿ ಬಂದವರೆಲ್ಲ ಹಾಗೆ ಹಾಕುತ್ತಾರಂತೆ. ಹಾಕಿದಳು. ಪಕ್ಕದಲ್ಲಿ ಬಿಳಿ ಬಟ್ಟೆಯ ಒಬ್ಬ ದೇವಿ, ಕೈಯಲ್ಲಿ ಸಣ್ಣ ಗಡಿಗೆ ಹಿಡಿದು ನಿಂತಿದ್ದಳು. ಅತ್ತಿ ಕೈ ಮುಗಿಯಲಿಲ್ಲ. ದೇವಿಯ ಪಾದದ ಮೇಲೆ ಮೊದಲು ಒಂದು ಬೆರಳಿಟ್ಟಳು. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಇಡೀ ಅಂಗೈ ಇಟ್ಟಳು, ಹೊಸದಾಗಿ ಮನೆಗೆ ತಂದ ಎಮ್ಮೆಯ ಮೈ ಮುಟ್ಟಿ ನೋಡುವ ಹಾಗೆ. ಬಹಳ ಹೊತ್ತು ಅಂಗೈ ತೆಗೆಯಲಿಲ್ಲ.

ಕಮಾನಿನ ಹತ್ತಿರ ಇಡೀ ಬಸ್ಸು ನಮಗಾಗಿ ಕಾದು ಬೇಸತ್ತಿತ್ತು. ಪಿಮ್ಮವ್ವ ಬೈದಳು. ಇಂಗ್ಲಿಷಿನಲ್ಲಿ ಬೈದದ್ದರಿಂದ ಅತ್ತಿಗೆ ತಾಗಲಿಲ್ಲ, ನನಗೆ ತಾಗಿದರೂ ನೋಯಲಿಲ್ಲ.

ಊರು

ಊರು ಮುಟ್ಟಿದಾಗ ಕಾಲುವೆಯಲ್ಲಿ ನಮ್ಮ ಪಾಳಿಯ ನೀರು ಬಿಟ್ಟಿದ್ದರು. ಅರ್ಧ ಜನ ಹೊಲದಲ್ಲಿದ್ದರು. ಉಳಿದವರು ವಿಹಾರದ ಮುಂದೆ ಕೂಡಿದ್ದರು. ಖಾಲಿ ಪೀಠಕ್ಕೆ ಹೂವು ಹಾಕಿ ಇಟ್ಟಿದ್ದರು. ರಾಹುಲ ಮಾಸ್ತರರು ನಮ್ಮ ಚೀಲಗಳನ್ನು ಕಣ್ಣಲ್ಲೇ ತೂಗಿ, "ಮೂರ್ತಿ ಎಲ್ಲೈತ್ರಿ ಅಮ್ಮಾ?" ಎಂದರು.

"ಸಿಗಲಿಲ್ರಿ ಮಾಸ್ತರ. ಸಿಕ್ಕಿತ್ತು, ತರಗೊಡಲಿಲ್ಲ. ಕಲಬುರಗಿಯಿಂದನ ತರಿಸ್ರಿ. ನಾನೂ ಬರ್ತೀನಿ, ಆರಸ್ತೀನಿ."

ಮಾಸ್ತರರ ಮುಖ ಸಪ್ಪಗಾಯಿತು. ಪರವಾನಗಿಯ ವಿಷಯ ನಾನು ವಿವರಿಸತೊಡಗಿದೆ. ನನ್ನ ಮಾತು ಯಾರಿಗೂ ಬೇಕಿರಲಿಲ್ಲ. ಅತ್ತಿಯ ಜೊತೆ ಕಾಲುವೆಗೆ ಮಣ್ಣು ಹೊತ್ತ ಮಲ್ಲಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಈಗ ಅವಳಿಗೆ ಕಣ್ಣು ಅಷ್ಟಾಗಿ ಕಾಣದು.

"ಮತ್ತ ಅಷ್ಟು ದೂರ ಹೋಗಿ ಏನ್ ಮಾಡಿ ಬಂದ್ಯವ್ವ ಸಾಬವ್ವ?" ಎಂದಳು.

ಅತ್ತಿ ಅವಳ ಪಕ್ಕ ಕುಳಿತಳು. "ಒಂದು ಗುಡಿಯಾಗ ಹೋಗಿ ಬಂದೆ," ಎಂದಳು. "ಹೊರಗಲ್ಲ. ಒಳಗ."

ಮಲ್ಲಮ್ಮ ತಡಕಿ ಅವಳ ಕೈ ಹಿಡಿದಳು. ಆಮೇಲೆ ಯಾರಿಗೂ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ ಕೇಳಿದಳು: "ಒಳಗ ಏನಿರ್ತದವ್ವ?"

"ಏನಿಲ್ಲ ಮಲ್ಲವ್ವ. ನಮ್ಮ ಅಡಗಿ ಮನಿಯಂಗ ಕತ್ತಲಿ, ಹೊಗಿ, ಒಂದು ದೀಪ," ಎಂದಳು ಅತ್ತಿ. "ಇಷ್ಟಕ್ಕ ನಮ್ಮನ್ನ ಹೊರಗ ನಿಂದ್ರಿಸಿದ್ರು ನೋಡು."